ಪೀಳಮೇಡಿನ ಸೂತ್ರಧಾರರು

ಶಾಲೆಯ ದಾಖಲೆಯಲ್ಲಿ ಅವರು ಭೂಗೋಳದ ಉಪಾಧ್ಯಾಯರು. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಬಾಲಕಬಾಲಿಕೆಯರಿಗೆ ನೈಋತ್ಯ ಮಾರುತದ ಗತಿಯನ್ನೂ, ಪಾಲ್ಘಾಟಿನ ಕಣಿವೆಯಿಂದ ಕೊಯಮತ್ತೂರಿಗೆ ನುಗ್ಗಿಬರುವ ಗಾಳಿಯ ಮಹಿಮೆಯನ್ನೂ ಬೋಧಿಸತಕ್ಕದ್ದೆಂದು ನೇಮಕಗೊಂಡವರು. ಆದರೆ ಅವರನ್ನು ಆ ರೂಪದಲ್ಲಿ ಬಲ್ಲವರು ಪೀಳಮೇಡಿನಲ್ಲಿ ಸಂಬಳದ ಪಟ್ಟಿ ಬರೆಯುವ ಗುಮಾಸ್ತರೊಬ್ಬರನ್ನುಳಿದು ಮತ್ತಾರೂ ಇರಲಾರರು. ಮಿಕ್ಕ ಲೋಕಕ್ಕೆಲ್ಲ ಅವರು ನಾಟಕದ ವಾತ್ಯಾರು. ಇಂಥವರು ಒಬ್ಬರೇ ಎಂದು ವಾಚಕರು ಭ್ರಮಿಸಬಾರದು. ಅವಿನಾಶಿ ರಸ್ತೆಯ ಇಕ್ಕೆಲದಲ್ಲಿ ಎಷ್ಟು ಪ್ರೌಢಶಾಲೆಗಳಿವೆಯೋ ಅಷ್ಟು ಮಂದಿ ವಾತ್ಯಾರುಗಳಿರುವರು. ಒಬ್ಬರಿಗೆ ಗಣಿತ ನೆಪ, ಇನ್ನೊಬ್ಬರಿಗೆ ಹಿಂದಿ, ಮತ್ತೊಬ್ಬರಿಗೆ ವ್ಯಾಯಾಮ. ನನ್ನ ಚಿತ್ರಕ್ಕೆ ಕುಳಿತವರು ಅವರೆಲ್ಲರ ಲಕ್ಷಣಗಳನ್ನೂ ಒಂದೇ ಮೈಯಲ್ಲಿ ಧರಿಸಿದವರು. ಆದುದರಿಂದ ಅವರಿಗಾಗಲಿ ಅವರ ಶಾಲೆಗಾಗಲಿ ಹೆಸರಿಡುವ ಅಗತ್ಯವನ್ನು ನಾನು ಕಾಣೆನು.

ರಂಗಕಲೆ ತಮಗೆ ವಂಶಪಾರಂಪರ್ಯವಾಗಿ ಬಂದುದೆಂದು ವಾತ್ಯಾರರ ದೃಢವಾದ ನಂಬಿಕೆ. ಅವರದು ಮಗ್ಗದ ಮನೆತನ, ದೇವಾಂಗರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಶಾಲೆಯ ಗೇಟಿನೊಳಗೆ ಇಂಗ್ಲಿಷು, ಹಣ ಕೇಳಲು ಹೋದಲ್ಲಿ ಮಾತ್ರ ಅತ್ಯಂತ ವಿನಯದ ತೆಲುಗು. ಅವರ ತಾತನವರು ಸಿಂಗಾನಲ್ಲೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ, ಎಂ. ಜಿ. ರಾಮಚಂದ್ರನ್ ಮೊದಲ ಬಾರಿ ನಾಯಕರಾಗಿ ನಟಿಸಿದ 1947ರ 'ರಾಜಕುಮಾರಿ' ಚಿತ್ರದ ಜನಸಂದಣಿಯಲ್ಲಿ ನಿಂತಿದ್ದರಂತೆ. ಚಿತ್ರವನ್ನು ನೋಡಿದವರಾರೂ ಅವರನ್ನು ಗುರುತಿಸಿದ ದಾಖಲೆಯಿಲ್ಲವಾದರೂ ಮನೆಯವರೆಲ್ಲ ಗುರುತಿಸಿರುವರು. ಸಾಮಿಕ್ಕಣ್ಣು ವಿನ್ಸೆಂಟರು ಈ ಊರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನು ಕಟ್ಟಿದುದು 1914ರಲ್ಲಿ, ಇಲ್ಲಿ ಮೊದಲ ಮೋಟಾರು ತಯಾರಾದುದು 1937ರಲ್ಲಿ. ಅಂದಮೇಲೆ ಕೊಯಮತ್ತೂರು ಮೊದಲು ಕಲೆಯ ಊರು, ಆಮೇಲೆ ಪಂಪಿನ ಊರು ಎಂಬ ಪ್ರಮೇಯವನ್ನು ವಾತ್ಯಾರು ಯಾರೂ ಕೇಳದಿದ್ದಾಗಲೂ ಸಾಧಿಸಬಲ್ಲರು.

ಅವರ ಸಂವತ್ಸರ ಆರಂಭವಾಗುವುದು ಯುಗಾದಿಗಲ್ಲ, ಜೂನ್ ತಿಂಗಳ ಮೊದಲ ಪ್ರಾರ್ಥನಾಸಭೆಗೆ. ಹೊಸ ಮಕ್ಕಳು ಸಾಲಾಗಿ ನಿಂತು ತಮಿಳುತಾಯಿಯ ವಂದನೆಯನ್ನು ಹಾಡುವಾಗ ಇತರ ಉಪಾಧ್ಯಾಯರು ಸಾಲು ನೆಟ್ಟಗಿದೆಯೇ, ಬೂಟು ಕಪ್ಪಗಿದೆಯೇ ಎಂದು ನೋಡುತ್ತಿದ್ದರೆ, ಇವರು ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಕಂಠಗಳನ್ನು ಆರಿಸುತ್ತಿರುವರು. ಈ ಆಯ್ಕೆಯಲ್ಲಿ ಅವರಿಗೆ ಪ್ರಕೃತಿಯೊಡನೆ ಒಂದು ಚಿರಂತನ ವೈರವುಂಟು. ಜೂನ್‌ನಲ್ಲಿ ಕೊಳಲಿನಂತೆ ಹಾಡಿ ಕೃಷ್ಣನ ಪಾತ್ರವನ್ನು ಗೆದ್ದುಕೊಂಡ ಎಂಟನೆಯ ತರಗತಿಯ ಬಾಲಕನು ಫೆಬ್ರವರಿಯ ವಾರ್ಷಿಕೋತ್ಸವದ ವೇಳೆಗೆ ಧ್ವನಿ ಒಡೆದು, ಮೂರು ಅಂಗುಲ ಬೆಳೆದು, ಮೇಲ್ದುಟಿಯ ಮೇಲೆ ಸಣ್ಣದೊಂದು ಛಾಯೆಯನ್ನೂ ಧರಿಸಿ ಕಂಸನಾಗಿ ಪರಿಣಮಿಸಿರುತ್ತಾನೆ. ಅನುಭವದಿಂದ ಜಾಣರಾದ ವಾತ್ಯಾರು ಈಚೆಗೆ ಕೃಷ್ಣನ ಪಾತ್ರಕ್ಕೆ ಆರನೆಯ ತರಗತಿಯಿಂದ ಒಬ್ಬನನ್ನು ಗುಟ್ಟಾಗಿ ತಯಾರು ಮಾಡಿಟ್ಟುಕೊಂಡು, ಹಳೆಯ ಕೃಷ್ಣನಿಗೆ ಕೊನೆಯ ವಾರದಲ್ಲಿ ಬಡ್ತಿ ಎಂದು ಹೇಳಿ ಕಂಸನ ಕಿರೀಟವನ್ನು ತೊಡಿಸುವರು.

ಮಧ್ಯೆ ಬರುವ ಸಣ್ಣಪುಟ್ಟ ಪ್ರಯೋಗಗಳನ್ನು ಅವರು ಎಡಗೈಯಲ್ಲಿ ಮುಗಿಸುತ್ತಾರೆ. ಆಗಸ್ಟ್ 15ಕ್ಕೆ ಕಟ್ಟಬೊಮ್ಮನ್. 1959ರ ಚಿತ್ರದಲ್ಲಿ ಶಿವಾಜಿ ಗಣೇಶನ್ನರು ಆ ಪಾಳೆಯಗಾರನಾಗಿ ಬಿಳಿಯ ಅಧಿಕಾರಿಯೆದುರು ಗರ್ಜಿಸಿದಂದಿನಿಂದ ತಮಿಳುನಾಡಿನ ಯಾವ ಶಾಲೆಯೂ ಕಪ್ಪ ಕೊಡಲು ಒಪ್ಪಿದುದಿಲ್ಲ. ಸೆಪ್ಟೆಂಬರ್ 5ರ ಉಪಾಧ್ಯಾಯರ ದಿನಾಚರಣೆಯಲ್ಲಿ ಮಕ್ಕಳು ಗುರುಗಳನ್ನು ಅಣಕಿಸುವ ಪ್ರಹಸನವೊಂದುಂಟು. ಅದರ ಹಸ್ತಪ್ರತಿಯನ್ನು ತಿದ್ದುವ ಅಧಿಕಾರ ವಾತ್ಯಾರರದಾದುದರಿಂದ, ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರ ಅಣಕವೂ ಸಾಂಗವಾಗಿ ನೆರವೇರುತ್ತದೆ. ಡಿಸೆಂಬರ್ 11ರ ಭಾರತಿಯಾರ್ ಜಯಂತಿಗೆ ನಾಟಕವೇ ಬೇಡ: ಮುಂಡಾಸು, ಕರಿಯ ಕೋಟು, ಕಾಡಿಗೆಯಲ್ಲಿ ಬರೆದ ಮೀಸೆ, ಇಷ್ಟಾದರೆ ಎಲ್ಲ ಮಕ್ಕಳೂ ಮಹಾಕವಿಗಳು.

ವಾತ್ಯಾರರ ನಿಜವಾದ ಪ್ರತಿಭೆ ಪ್ರಕಾಶಕ್ಕೆ ಬರುವುದು ವಾರ್ಷಿಕೋತ್ಸವದ ಮಹಾನಾಟಕದಲ್ಲಿ. ನಾಟ್ಯಶಾಸ್ತ್ರವನ್ನು ರಚಿಸಿದ ಭರತಮುನಿಗಳು ರಸ, ಭಾವ, ಅಭಿನಯ, ರಂಗಮಂಟಪದ ಅಳತೆ ಮೊದಲಾದವನ್ನೆಲ್ಲ ವಿಸ್ತಾರವಾಗಿ ನಿರೂಪಿಸಿದರೂ ಪೋಷಕರ ವಿಷಯವಾಗಿ ಒಂದು ಅಧ್ಯಾಯವನ್ನೂ ಬರೆಯದೆ ಹೋದರು; ಆ ಲೋಪವನ್ನು ನಮ್ಮ ವಾತ್ಯಾರು ಪ್ರಯೋಗಮುಖೇನ ತುಂಬಿರುವರು. ಅವರ ಸಿದ್ಧಾಂತದಲ್ಲಿ ಉತ್ತಮ ನಾಟಕವೆಂದರೆ ಜನಸಂಖ್ಯೆಗೆ ಮೇರೆಯಿಲ್ಲದ ನಾಟಕ. ಈ ದೃಷ್ಟಿಯಿಂದ ನೋಡಿದರೆ 'ಮರ್ಚೆಂಟ್ ಆಫ್ ವೆನಿಸ್'ನ ನ್ಯಾಯಾಲಯದ ದೃಶ್ಯ ತೀರ ಕೃಪಣವಾದುದು. ಅದಕ್ಕೆ ಪ್ರತಿಯಾಗಿ, ಬ್ರೌನಿಂಗ್ ಇಂಗ್ಲಿಷಿನಲ್ಲಿ ಬರೆದು, ನಮ್ಮ ಕುವೆಂಪು ಅವರು ಬೊಮ್ಮನಹಳ್ಳಿಗೆ ಕರೆತಂದ ಕಿಂದರಿಜೋಗಿಯ ಕಥೆಯನ್ನು ಸಂಗೀತರೂಪಕವಾಗಿ ಆಡುವುದೆಂದರೆ ಅವರಿಗೆ ಪರಮಾನಂದ. ಏಕೆಂದರೆ ಇಲಿಗಳಿಗೆ ಸಂಖ್ಯೆಯ ಕಟ್ಟಿಲ್ಲ. ಮೊದಲನೆಯ ಭಾಗದಲ್ಲಿ ಹೊಳೆಗೆ ಬಿದ್ದ ಇಲಿಗಳೇ ಎರಡನೆಯ ಭಾಗದಲ್ಲಿ ಬಾಲ ಕಳಚಿಟ್ಟು ಊರಿನ ಮಕ್ಕಳಾಗಿ ಬಂದು ಬೆಟ್ಟವನ್ನು ಹೊಗುವುದರಿಂದ, ತಂದೆತಾಯಿಗಳೆದುರು ಪ್ರತಿ ಮಗುವೂ ದ್ವಿಪಾತ್ರಾಭಿನಯ ಮಾಡಿದಂತಾಯಿತು. ಜೋಗಿಯ ಹಿಂದೆ ಹೋದವರಾರೂ ತಿರುಗಿ ಬರುವಂತಿಲ್ಲವಾದುದರಿಂದ ರಂಗವೂ ತನ್ನಷ್ಟಕ್ಕೆ ತೆರವಾಗುವುದು. ಇಂತಹ ಕೃತಿಯನ್ನು ಕವಿಗಳು ಇನ್ನೂ ಹೆಚ್ಚಾಗಿ ಬರೆಯಬೇಕಿತ್ತೆಂಬುದು ಅವರ ಅಭಿಪ್ರಾಯ.

ಆದರೆ ಒಂದು ವರ್ಷ ಆಡಳಿತ ಮಂಡಳಿಯವರು ರಾಷ್ಟ್ರೀಯ ಭಾವೈಕ್ಯವನ್ನು ಸಾರುವ ಪೌರಾಣಿಕ ನಾಟಕವೇ ಬೇಕೆಂದರು. ವಾತ್ಯಾರು ಒಂದು ರಾತ್ರಿ ಯೋಚಿಸಿ, ಪಾಂಡವರಲ್ಲಿ ಒಬ್ಬೊಬ್ಬನು ಒಂದೊಂದು ಭಾಷೆಯಲ್ಲಿ ಮಾತನಾಡುವ ಮಹಾಭಾರತವನ್ನು ರಚಿಸಿದರು. ಧರ್ಮರಾಯನಿಗೆ ತಮಿಳು, ಅರ್ಜುನನಿಗೆ ಇಂಗ್ಲಿಷು, ನಕುಲ ಸಹದೇವರಿಗೆ ತೆಲುಗು. ಭೀಮನಿಗೆ, ವಾತ್ಯಾರರ ಮಾತೃಭಾಷಾಭಿಮಾನದಿಂದ, ಕನ್ನಡ. ಭೀಮನ ಪಾತ್ರ ಎರಕದ ಕಾರ್ಖಾನೆಯೊಂದರ ಯಜಮಾನರ ಮಗನಿಗೆ ಹೋಯಿತು. ಇದು ಹೋದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಯಜಮಾನರು ಶಾಲೆಯ ಗೇಟಿನಲ್ಲಿ ಕಾರು ನಿಲ್ಲಿಸಿ, "ಏನುಂಗ ಸಾರ್, ನಮ್ಮ ಪೈಯನಿಗೆ ಏನು ವೇಷ ಕೊಟ್ಟಿದ್ದೀರುಂಗ?" ಎಂದು ಕೊಂಗುನಾಡಿನ ಆ ಪ್ರಸಿದ್ಧವಾದ ಮರ್ಯಾದೆಯಿಂದ ಕೇಳಿದರು. ಮೂರನೆಯ ಸೈನಿಕ ಎಂಬ ಸತ್ಯವು ವಾತ್ಯಾರರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಜಮಾನರು, "ಸಾಮಾನು ಏನು ಬೇಕೋ ಹೇಳುಂಗ, ನಮ್ಮ ಫೌಂಡ್ರಿಯಲ್ಲೇ ಮಾಡಿಸಿಕೊಡ್ತೀನಿ" ಎಂದು ಸೇರಿಸಿದರು. ಆ ಕ್ಷಣದಲ್ಲಿ ಮೂರನೆಯ ಸೈನಿಕನು ವೃಕೋದರನಾದನು.

ಮಾತಿಗೆ ತಪ್ಪದ ಆ ಮಹನೀಯರು ಪಂಪಿನ ಕವಚಗಳನ್ನು ಎರೆಯುವ ಅಚ್ಚಿನ ಮರಳಿನಲ್ಲಿಯೇ ಗದೆಯ ಅಚ್ಚನ್ನೂ ಕೂರಿಸಿ, ಬೀಡುಕಬ್ಬಿಣದ ಅಖಂಡವಾದ ಗದೆಯೊಂದನ್ನು ಎರೆಯಿಸಿ, ಹಿತ್ತಾಳೆಯ ಬಣ್ಣ ಬಳಿಸಿ, ಪ್ರಯೋಗದ ದಿನ ಮಧ್ಯಾಹ್ನ ಟೆಂಪೋದಲ್ಲಿ ಕಳುಹಿದರು. ಹೊಸ ಮಾದರಿಯ ಪಂಪೊಂದು ಬಂದಿತೆಂದು ತಿಳಿದ ಕಾವಲುಗಾರನು ಅದನ್ನು ಬಾವಿಯ ಬಳಿ ಇಳಿಸಿಕೊಂಡನು. ಸಂಜೆ ಅದನ್ನು ರಂಗದ ಪಕ್ಕಕ್ಕೆ ಸಾಗಿಸಲು ವ್ಯಾಯಾಮದ ಮೇಷ್ಟ್ರೂ ಇಬ್ಬರು ತೋಟಿಗರೂ ಬೇಕಾದರು. ಭೀಮನಾದ ಬಾಲಕನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಪ್ರಯತ್ನಿಸಿ, ವಾತ್ಯಾರರ ಮುಖವನ್ನು ನೋಡಿದನು. ಬಣ್ಣ ಬಳಿದ ತರ್ಮೋಕೋಲಿನ ಹಳೆಯ ಗದೆ ಮೂಲೆಯಲ್ಲಿಯೇ ಇತ್ತು. ಆದರೆ ಯಜಮಾನರು ಮೊದಲ ಸಾಲಿನಲ್ಲಿದ್ದರು.

ಇನ್ನೊಂದು ತೊಡಕನ್ನು ಹೇಳಬೇಕು. ವಾತ್ಯಾರರಿಗೆ ಕನ್ನಡ ಮಾತು ಬರುವುದೇ ಹೊರತು ಲಿಪಿ ಬಾರದು. ಈ ಸೀಮೆಯ ನಮ್ಮವರಲ್ಲಿ ಬಹುಮಂದಿಯ ಪಾಡು ಇದೇ. ಭೀಮನ ಮಾತುಗಳನ್ನು ಅವರು ತಮಿಳು ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವೆಂಬುದು ಅವರಿಗೆ ನೆನಪಾಗಲಿಲ್ಲ, ಕನ್ನಡವನ್ನೇ ಅರಿಯದ ಬಾಲಕನಿಗೆ ಸಂದೇಹವೇ ಬರಲಿಲ್ಲ. ದುಶ್ಶಾಸನನು ದ್ರೌಪದಿಯ ಸೀರೆಗೆ ಕೈ ಹಾಕಿದನು, ಭೀಮನು ಗರ್ಜಿಸುತ್ತ ಮುಂದೆ ಬಂದು, "ಎಲ್ಲಿ ನನ್ನ ಕದೆ? ತನ್ನಿ ನನ್ನ ಕದೆ!" ಎಂದು ಕೂಗಿದನು. ತಮಿಳರ ಕಿವಿಗೆ ಅದು ಕಥೆಯಾಯಿತು. ವಸ್ತ್ರಾಪಹರಣದ ನಡುವೆ ಈತನಿಗೇಕೆ ಕಥೆಯ ಚಪಲವೆಂದು ಸಭೆ ಬೆರಗಾಗುತ್ತಿರುವಾಗಲೇ, ಕೌರವಪಕ್ಷದ ನಾಲ್ವರು ಸೈನಿಕರು ಶತ್ರುತ್ವವನ್ನು ಬದಿಗಿಟ್ಟು, ಬೀಡುಕಬ್ಬಿಣದ ಗದೆಯನ್ನು ಪಲ್ಲಕ್ಕಿಯಂತೆ ಹೊತ್ತುತಂದು ಅವನ ಪಾದದ ಬಳಿ ಇಳಿಸಿದರು. ರಂಗದ ಹಲಗೆಯೊಂದು ಲಟ್ಟೆಂದಿತು. ಭೀಮನು ಗದೆಯ ಮೇಲೆ ಒಂದು ಕಾಲನ್ನಿಟ್ಟು ಪ್ರತಿಜ್ಞೆಯನ್ನು ಮುಗಿಸಿದನು. ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಕದಲ್ಲಿ ಒಂದು ಬಿರುಕೂ ಬಿಟ್ಟಿರಲಿಲ್ಲ.

ರಾಮಾಯಣದ ವರ್ಷವೂ ಇಂತಹುದೇ ಒಂದು ಸಂಪನ್ಮೂಲವನ್ನು ವಾತ್ಯಾರು ಬಳಸಿಕೊಂಡರು. ವಿಮಾನ ನಿಲ್ದಾಣ ಪೀಳಮೇಡಿನ ಮಗ್ಗುಲಲ್ಲಿಯೇ ಇರುವುದರಿಂದ ನಮ್ಮ ಬಯಲುರಂಗದ ಕರುಣರಸವೆಲ್ಲ ಆಗಾಗ್ಗೆ ಆಕಾಶದ ಆರ್ಭಟದಲ್ಲಿ ಮುಳುಗಿಹೋಗುತ್ತಿತ್ತು. ದೋಷವನ್ನೇ ಗುಣವಾಗಿಸುವ ಉದ್ದೇಶದಿಂದ ಅವರು ವೇಳಾಪಟ್ಟಿಯನ್ನು ತರಿಸಿ ನೋಡಿ, ಸಂಜೆಯ ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ರಾವಣನು ಸೀತೆಯನ್ನು ಹೊತ್ತುಕೊಂಡು ಹೋಗುವಂತೆ ದೃಶ್ಯವನ್ನು ಹೊಂದಿಸಿದರು. ಅಂದು ವಿಮಾನಕ್ಕೆ ವಿಳಂಬವಾಯಿತು. ಸೀತೆಯ ತೋಳು ಹಿಡಿದು ಆಕಾಶವನ್ನು ನೋಡುತ್ತ ನಿಂತ ರಾವಣನು ಬಹಳ ಹೊತ್ತು ಕಾದು, ಕಡೆಗೆ ನಡೆದುಕೊಂಡೇ ಲಂಕೆಗೆ ಹೋದನು. ಪುಷ್ಪಕವಿಮಾನವು ಬಂದುದು ಮುಖ್ಯ ಅತಿಥಿಗಳ ಸಮಾರೋಪ ಭಾಷಣದ ಮಧ್ಯದಲ್ಲಿ.

ಮುಖ್ಯ ಅತಿಥಿಗಳಾದರೋ ನಾಟಕಕ್ಕೆ ಮೀಸಲಾದ ಕಾಲವನ್ನು ಭಕ್ಷಿಸುವುದಕ್ಕೆಂದೇ ಅವತರಿಸಿದವರು. ವರದಿ, ಬಹುಮಾನ, ಶಾಲು, ಸ್ಮರಣಿಕೆಗಳೆಲ್ಲ ಮುಗಿದು ಪರದೆ ಏಳುವಾಗ ಕೇಟರಿಂಗಿನವರು ಪಾತ್ರೆ ತೊಳೆಯಲು ಆರಂಭಿಸಿರುತ್ತಾರೆ. ಈಚೆಗಂತೂ ಇಂಗ್ಲಿಷ್ ಸಂಗೀತನಾಟಕಗಳ ಕಾಲ. 'ಲಯನ್ ಕಿಂಗ್', 'ಅಲ್ಲಾವುದ್ದೀನ್'. ಹಾಡೂ ಮಾತೂ ಮೊದಲೇ ಮುದ್ರಿತವಾಗಿ ಬರುವುವು, ಮಕ್ಕಳು ತುಟಿ ಆಡಿಸಿದರೆ ಸಾಕು, ಹಿಂದೆ ಎಲ್‌ಇಡಿ ಪರದೆಯ ಮೇಲೆ ಆಫ್ರಿಕದ ಸೂರ್ಯ ಉದಯಿಸುವನು. ಜೂನ್‌ನಲ್ಲಿ ಕಣ್ಣು ಮುಚ್ಚಿ ಕಂಠವನ್ನು ಆರಿಸುತ್ತಿದ್ದವರಿಗೆ ಇದು ಪ್ರಾಣಸಂಕಟ. ಆದರೂ ಬಾಡಿಗೆಯ ಅಂಗಡಿಯಲ್ಲಿ ಸಿಂಹದ ಕೇಸರಗಳು ಮುಗಿದುಹೋದಾಗ ಹಳೆಯ ರಾವಣನ ತಲೆಗೂದಲನ್ನು ಕತ್ತರಿಸಿ ಹೊಲಿದುಕೊಟ್ಟವರು ಅವರೇ. ಹುಲ್ಲುಗಾವಲಿನ ಹುಲ್ಲಾಗಿ ಒಂದು ತರಗತಿಯನ್ನು ಸಮಗ್ರವಾಗಿ ನಿಲ್ಲಿಸಬಹುದೆಂದು ಕಂಡುಹಿಡಿದ ಮೇಲೆ ಆ ನಾಟಕದ ಮೇಲೂ ಅವರಿಗೆ ಕೊಂಚ ಗೌರವ ಹುಟ್ಟಿದೆ.

ಅವರ ಜೀವಮಾನದ ಆಸೆಯೊಂದು ಮಾತ್ರ ಈಡೇರದೆ ಉಳಿದಿದೆ: ತಿರುಗುವ ರಂಗ. ಕಾಡು ಅತ್ತ ಸರಿದು ಅರಮನೆ ಇತ್ತ ಬರಬೇಕು, ಪರದೆ ಎಳೆಯುವ ಹುಡುಗರ ಕಾಲು ಪ್ರೇಕ್ಷಕರಿಗೆ ಕಾಣಬಾರದು. ಕಳೆದ ಏಪ್ರಿಲ್‌ನಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಮಾನ್ಸೂನಿನ ದಿಕ್ಕನ್ನು ಎಷ್ಟು ಮಂದಿ ತಿರುಗುಮುರುಗಾಗಿ ಬರೆದಿರುವರೆಂದು ನನ್ನೊಡನೆ ದುಃಖಿಸುತ್ತ ಅವರು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಅಪರಿಚಿತರೊಬ್ಬರು ಬಂದು ಕೈಮುಗಿದರು. ತಮ್ಮ ಮಗಳು ಜೂನ್‌ನಲ್ಲಿ ಆರನೆಯ ತರಗತಿಗೆ ಸೇರುವಳೆಂದೂ, ಚೆನ್ನಾಗಿ ಹಾಡುವಳೆಂದೂ, ವಾತ್ಯಾರು ಒಂದು ದೃಷ್ಟಿ ಇಟ್ಟಿರಬೇಕೆಂದೂ ಬಿನ್ನವಿಸಿಕೊಂಡರು. ಪಾತ್ರಗಳು ಯೋಗ್ಯತೆಯ ಮೇಲೆಯೇ ಹಂಚಿಕೆಯಾಗುವುವೆಂದು ವಾತ್ಯಾರು ಗಂಭೀರವಾಗಿ ನುಡಿದು, ಶಿಷ್ಟಾಚಾರಕ್ಕಾಗಿ ಅವರ ಉದ್ಯೋಗವೇನೆಂದು ವಿಚಾರಿಸಿದರು. ವೆಟ್ ಗ್ರೈಂಡರ್ ತಯಾರಿಸುವುದು ಎಂದರು ಆ ಗೃಹಸ್ಥರು. ಬಸ್ಸು ಬಂದಿತು, ವಾತ್ಯಾರು ಹತ್ತಲಿಲ್ಲ. ಕಟ್ಟನ್ನು ನನ್ನ ಕೈಗೆ ಕೊಟ್ಟು, ಅವರ ಭುಜದ ಮೇಲೆ ಕೈಯಿಟ್ಟು, ಸ್ವರವನ್ನು ತಗ್ಗಿಸಿ ಕೇಳಿದರು:

"ಎಷ್ಟು ಲೀಟರಿನದುಂಗ?"