ಚೋಕಿಗೊಂದು ಕ್ಲಿಪ್ಪು

"ಏನ್ ಪುಟ್ಟಿ, ಇವತ್ತೇನ್ ಬಿಚ್ಚಿದೆ?"

ಬೆಳಗ್ಗೆ ಏಳೂವರೆಗೆ ಕಾಂಪೌಂಡ್ ಗೋಡೆ ಮೇಲೆ ಮೊದಲು ಕಾಫಿ ಲೋಟ ಕಾಣಿಸುತ್ತೆ, ಆಮೇಲೆ ಮಂಕಿ ಕ್ಯಾಪು, ಅದರ ಕೆಳಗೆ ಪಕ್ಕದ ಮನೆ ಮಾಮ. ನನಗೆ ಐವತ್ತೆರಡು. ಮೊಣಕೈವರೆಗೂ ಗ್ರೀಸು. ಆದರೂ ಪುಟ್ಟಿ. ಅಪ್ಪ ಹೋದ ಮೇಲೆ ಹಾಗೆ ಕರೆಯೋರು ಇಬ್ಬರೇ ಉಳಿದಿದ್ದಾರೆ, ಅಮ್ಮ ಮತ್ತು ಈ ಮಾಮ. ಅಮ್ಮ ಈಚೆಗೆ ಮಾತೇ ಕಮ್ಮಿ. ಆ ಬಾಕಿಯನ್ನೂ ಸೇರಿಸಿ ಮಾಮ ಮಾತಾಡ್ತಾರೆ.

ಬಿಚ್ಚಿರೋದು ಅಪ್ಪನ ಫಿಯೆಟ್ 1100. 1971ರದ್ದು. ನಂಬರು ಶುರುವಾಗೋದೇ ಎಂವೈ ಅಂತ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗೋಕೆ 1973ರ ನವೆಂಬರ್ ಬರಬೇಕಿತ್ತಲ್ಲ. ಕಾರಿಗೂ ಅದೇ ಸುಮಾರಿಗೆ ಮರುನಾಮಕರಣವಾಯ್ತು: ಕುರ್ಲಾದ ಪ್ರೀಮಿಯರ್ ಕಂಪನಿಯವರು ಮೊದಲು ಪ್ರೆಸಿಡೆಂಟ್ ಅಂದರು, 1974ರಿಂದ ಪದ್ಮಿನಿ ಅಂದರು. ರಾಣಿ ಪದ್ಮಿನಿಯ ಹೆಸರು. ಅವರು ಏನಾದರೂ ಅಂದುಕೊಳ್ಳಲಿ, ಮಲ್ಲೇಶ್ವರದಲ್ಲಿ ಅದು ಕೊನೇವರೆಗೂ ಫಿಯೆಟ್ಟೇ.

ಕಣ್ಣು ಮಂಜಾದ ಮೇಲೆ ಅಪ್ಪ ಓಡಿಸೋದು ಬಿಟ್ಟರು. ಹನ್ನೊಂದು ವರ್ಷ ಅದು ಸಂಪಿಗೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು. ಭಾನುವಾರ ಮಾತ್ರ ಟಾರ್ಪಾಲು ಸರಿಸಿ, ಒಳಗೆ ಕೂತು ಪೇಪರ್ ಓದಿಸಿಕೊಳ್ಳೋರು. ಓದೋದು ಪಕ್ಕದ ಸೀಟಿನ ಮಾಮ. ಎಲ್ಲಿಗೂ ಹೋಗದ ಕಾರಿನಲ್ಲಿ ಇಬ್ಬರು ಮುದುಕರು ಕಿಟಕಿ ಇಳಿಸಿಕೊಂಡು ಕೂತಿರೋದನ್ನ ನೋಡಿ ಹಾಲಿನ ಹುಡುಗ ನಗ್ತಿದ್ದ. ಅಪ್ಪನ ವರ್ಷಾಬ್ದಿಕ ಮುಗಿದ ವಾರವೇ ಗುಜರಿಯವನು ಬಂದು, ಟೈರ್ ಒದ್ದು, "ತೂಕಕ್ಕಾದ್ರೆ ತಗೋತೀನಿ" ಅಂದ. ಆ ಸಂಜೆಯೇ ನಾನು ಸ್ಪ್ಯಾನರ್ ಹಿಡಿದದ್ದು.

ಅಮೆರಿಕದಲ್ಲಿರೋ ನನ್ನ ಮಗನಿಗೆ ಇದೆಲ್ಲ ಭಾರಿ ಖುಷಿ. ಅವನ ಸ್ನೇಹಿತನೊಬ್ಬ ಅವರಪ್ಪನ ಹಳೇ ಮಸ್ಟಾಂಗ್ ರಿಪೇರಿ ಮಾಡ್ತಿದ್ದಾನಂತೆ, ಅದಕ್ಕೆ ಮಸಲ್ ಕಾರು ಅಂತಾರಂತೆ, ಎಂಟು ಸಿಲಿಂಡರಂತೆ. ನಮ್ಮದು ನಾಲ್ಕು ಸಿಲಿಂಡರ್, 1089 ಸಿಸಿ. ಮಾಮನಿಗೆ ಹೇಳಿದೆ. "ಇದಕ್ಕೆಲ್ಲಿ ಮಸಲ್ಲು? ಬರೀ ಹಟ" ಅಂದು ಕಾಫಿ ಹೀರಿದರು. ಅವರು ಹುಟ್ಟಿದಾರಭ್ಯ ಯಾವ ಕಾರನ್ನೂ ಓಡಿಸಿದವರಲ್ಲ ಅಂತ ಇಲ್ಲೇ ಹೇಳಿಬಿಡ್ತೀನಿ. ಸಲಹೆಗೆ ಅದು ಅಡ್ಡಿಯಾಗಿಲ್ಲ.

ಕೈಗೆ ಕೆಲಸವಿದ್ದರೆ ದುಃಖ ಹಗುರಾಗುತ್ತೆ ಅಂತ ಬಂದವರೆಲ್ಲ ಹೇಳಿದರು. ಅವರು ಯಾರೂ ಸತ್ತವರ ಕಾರು ಬಿಚ್ಚಿರಲಿಕ್ಕಿಲ್ಲ. ಒಂದೊಂದು ನಟ್ಟಿನ ಹಿಂದೆಯೂ ಅಪ್ಪ ಕೂತಿದ್ದಾರೆ. ಹಿಂದಿನ ಬಾಗಿಲಿನ ಗಾಜು ಗಡಗಡ ಅನ್ನಬಾರದು ಅಂತ ಸಂದಿಗೆ ಮಡಚಿ ತುರುಕಿದ್ದು 1986ರ ಒಂದು ಲಗ್ನಪತ್ರಿಕೆ. ತೆಗೆದು ಗೋಡೆಯಾಚೆ ಚಾಚಿದೆ. ಮಾಮ ಕನ್ನಡಕ ಏರಿಸಿ ಅರಿಶಿನದ ಅಂಚಿನಿಂದ ಹಿಡಿದು ಪೂರ್ತಿ ಓದಿ, "ಹೋಗಿದ್ವಿ. ಸಾರು ಚೆನ್ನಾಗಿತ್ತು" ಅಂದರು. ಆ ದಂಪತಿ ಈಗೆಲ್ಲಿದ್ದಾರೋ, ಮೂವತ್ತು ಚಿಲ್ಲರೆ ವರ್ಷ ನಮ್ಮ ಗಾಜು ಹಿಡಿದುಕೊಂಡಿದ್ದರು.

ಪೆಟ್ರೋಲ್ ಪಂಪಿನ ಮೇಲೆ ಅಂಟಿಕೊಂಡಿತ್ತು ಸುಟ್ಟ ಹಪ್ಪಳದಂಥದ್ದೊಂದು ಬಟ್ಟೆ. ಉಗುರಿನಿಂದ ಎಬ್ಬಿಸಿದರೆ ಒಂದು ಮೂಲೆಯಲ್ಲಿ ಹಸಿರು ಅಂಚು. ಅಪ್ಪನ ಪಂಚೆ. ಎಂಜಿನ್ ಕಾದರೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿಬಿಡುತ್ತೆ, ಪಂಪು ಎಣ್ಣೆ ಎಳೆಯೋ ಬದಲು ಬರೀ ಆವಿ ಎಳೆಯುತ್ತೆ, ಗಾಡಿ ನಿಲ್ಲುತ್ತೆ. ಏರಿನಲ್ಲಿ ಫಿಯೆಟ್ಟಿಗಿದ್ದ ಮಾಮೂಲಿ ಜಾಡ್ಯ. ಔಷಧ ಒದ್ದೆ ಬಟ್ಟೆ. ನಂದಿ ಬೆಟ್ಟದ ತಿರುವಿನಲ್ಲಿ ಬಾನೆಟ್ ಎತ್ತಿ, ಕೂಜದ ನೀರು ಅಷ್ಟೂ ಪಂಪಿನ ಮೇಲೆ ಸುರಿದದ್ದು ನನಗೆ ನೆನಪಿದೆ. "ಕುಡಿಯೋ ನೀರು ಕಣೇ ಅದು," ಅಂದರು ಮಾಮ, "ಇಳಿಯೋವರೆಗೂ ಚಿತ್ರಾನ್ನ ಗಂಟಲಲ್ಲೇ ಇತ್ತು."

ತಕರಾರು ಇರೋದು ಮೇಸ್ತ್ರಿಯ ಜೊತೆ. ಯಶವಂತಪುರದಿಂದ ವಾರಕ್ಕೆರಡು ದಿನ ಬರ್ತಾರೆ, ಕೈ ಬಂಗಾರದಂಥದ್ದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗದ ಸಾಮಾನನ್ನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತರ್ತಾರೆ. ಬಾಗಿಲಿನ ರಬ್ಬರ್ ಬೀಡಿಂಗು ಮಾತ್ರ ಮುಂಬೈಯಿಂದ ಬಂತು. ಅವರಿಗೆ ಗಾಡಿ ಷೋರೂಮಿನಿಂದ ಇಳಿದ ಹಾಗಾಗಬೇಕು. "ಈ ಡಬ್ಬಾ ಕೆಲಸ ಎಲ್ಲ ಕಿತ್ತಾಕ್ಬೇಕು ಮೇಡಂ" ಅಂತಾರೆ. ನ್ಯಾಯವೇ. ಆದರೆ ಆ ಡಬ್ಬಾ ಕೆಲಸ ಅಷ್ಟೂ ಅಪ್ಪನದು. ಷೋರೂಮಿನಿಂದ ಇಳಿದ ಕಾರನ್ನ ತಗೊಂಡು ನಾನೇನು ಮಾಡಲಿ? ಪಂಚೆ ಚೂರನ್ನೂ ಪತ್ರಿಕೆಯನ್ನೂ ಗ್ಲವ್ ಬಾಕ್ಸಿನಲ್ಲಿಟ್ಟೆ. ಮೇಸ್ತ್ರಿ ನೋಡಿಯೂ ನೋಡದ ಹಾಗಿದ್ದರು.

ಟಿಂಕರಿಂಗಿನವನು ಎಡಗಡೆ ಮಡ್‌ಗಾರ್ಡಿನ ಬಣ್ಣ ಕೆರೆದು, "ಇಲ್ಲಿ ತಗಡೇ ಇಲ್ಲ ಮೇಡಂ, ಬರೀ ಪುಟ್ಟಿ" ಅಂದ. ಗೋಡೆಯಾಚೆಯಿಂದ ತಕ್ಷಣ: "ಇರತ್ತಪ್ಪಾ. ಅವಳಪ್ಪನಿಗೆ ಎಲ್ಲೆಲ್ಲೂ ಪುಟ್ಟೀನೇ." ನಾನು ಸ್ಪ್ಯಾನರ್ ಹುಡುಕೋ ನೆಪದಲ್ಲಿ ಕಾರಿನ ಕೆಳಕ್ಕೆ ಬಗ್ಗಿದೆ.

ಕಾಗದಪತ್ರದ್ದು ಇನ್ನೊಂದು ಪುರಾಣ. ಮಾಲೀಕರು ಹೋದರೆ ವಾಹನ ವಾರಸುದಾರರ ಹೆಸರಿಗಾಗೋಕೆ ಫಾರಂ 31, ಮರಣ ಪತ್ರ, ವಂಶವೃಕ್ಷ. ಹುಟ್ಟಿದಾಗಲೂ ಯಾರೂ ಕೇಳದ ವಂಶವೃಕ್ಷ ನನಗೆ ಬೇಕಾದದ್ದು ಕಾರಿಗೋಸ್ಕರ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. ಇನ್ನೊಂದು ದಾರಿಯೂ ಇದೆ: 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲ ರೂಪ ಕೆಡದ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತೆ. ಆದರೆ ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ.

"ಅಂದ್ರೆ ಉತ್ಸವಮೂರ್ತಿ," ಅಂದರು ಮಾಮ. "ಎಂಟನೇ ಕ್ರಾಸಿಗೆ ಹೋಗಿ ಹೂವು ಹಣ್ಣು ತರೋ ಹಾಗಿಲ್ಲ?"

"ಇಲ್ಲ ಮಾಮ."

"ಹಾಗಾದ್ರೆ ಬೇಡ ಬಿಡು. ನಿಮ್ಮಪ್ಪ ಅದರಲ್ಲಿ ಬೂದುಗುಂಬಳಕಾಯಿ ತಂದಿದಾನೆ."

ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು ಅಂತ ನಾನಂದರೆ, ಅವರು ಶಾಸ್ತ್ರಿಗಳಿಗೆ ಹೋದರು. ಲಾಲ್ ಬಹಾದುರ್ ಶಾಸ್ತ್ರಿ ಪ್ರಧಾನಿಯಾಗಿ ಫಿಯೆಟ್ ಕೊಂಡದ್ದು. ಬೆಲೆ 12,000, ಕೈಲಿದ್ದದ್ದು 7,000, ಮಿಕ್ಕ 5,000 ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ಹೋದರು, ಸಾಲ ಉಳೀತು. ಲಲಿತಾ ಶಾಸ್ತ್ರಿಯವರು ಪೆನ್ಷನ್ನಿನಲ್ಲಿ ತೀರಿಸಿದರು. ಕಾರು ದಿಲ್ಲಿಯ ಸ್ಮಾರಕದಲ್ಲಿದೆ. ಈ ಕತೆಯನ್ನ ಮಾಮ ನನಗೆ ಹೇಳಿದ್ದು ಇದು ಇಪ್ಪತ್ತನೇ ಸಲವಿರಬೇಕು. ಈ ಸಲ ಮಾತ್ರ ನಮ್ಮ ಅಡುಗೆಮನೆ ಕಿಟಕಿ ಕಡೆ ನೋಡಿ ದನಿ ತಗ್ಗಿಸಿದರು.

ಕಿಟಕಿಯೊಳಗೆ ಅಮ್ಮ. ಒಂದು ವರ್ಷದಿಂದ ಅವಳು ಕಾರಿನ ಹತ್ತಿರ ಬಂದಿಲ್ಲ. ಅವಳಿಗೂ ಫಿಯೆಟ್ಟಿಗೂ ಹಳೇ ವ್ಯಾಜ್ಯ, ಚೋಕಿನದು. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಬೇಕಾದರೆ ಚೋಕಿನ ಗುಂಡಿ ಎಳೆದು ಹಿಡಿದಿರಬೇಕು, ಬಿಟ್ಟರೆ ಒಳಕ್ಕೆ ಜಾರಿ ಎಂಜಿನ್ ಸಾಯುತ್ತೆ. ಅಪ್ಪ ಎಳೆದ ಗುಂಡಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿಬಿಡೋರು. ಕ್ಲಿಪ್ಪು ಬರ್ತಿದ್ದದ್ದು ಅಮ್ಮನ ಹಗ್ಗದಿಂದ. "ಯಾರದು ನನ್ನ ಕ್ಲಿಪ್ ತೆಗೆದಿದ್ದು?" ಅನ್ನೋಳು ಅವಳು. ಅಪ್ಪ ಉತ್ತರ ಕೊಡದೆ ಆಕ್ಸಿಲರೇಟರ್ ಒತ್ತೋರು. ನಾನು ಎದ್ದೇಳ್ತಿದ್ದದ್ದೇ ಆ ಎರಡು ಸದ್ದಿಗೆ.

ಹೋದ ಭಾನುವಾರ ಕಾರ್ಬ್ಯುರೇಟರ್ ಕೂರಿಸಿ ಆಯ್ತು. ಹೊಸ ಚೋಕ್ ಕೇಬಲ್ಲು, ಪಾಲಿಷ್ ಮಾಡಿದ ಗುಂಡಿ. ಮೂರನೇ ಸಲಕ್ಕೆ ಎಂಜಿನ್ ಹೊತ್ತಿಕೊಂಡು, ಸಂಪಿಗೆ ಮರದ ಕಾಗೆಗಳೆಲ್ಲ ಎದ್ದವು. ಗುಂಡಿ ಬಿಟ್ಟೆ. ಜಾರಿತು. ಗೊಟಕ್. ಮತ್ತೆ ಹಚ್ಚಿದೆ, ಮತ್ತೆ ಜಾರಿತು. "ಹೊಸ ಕೇಬಲ್ಲು, ಸೆಟ್ ಆಗತ್ತೆ" ಅಂದರು ಮೇಸ್ತ್ರಿ, ಮುಖ ಸಣ್ಣದು ಮಾಡಿಕೊಂಡು. ಯಾವತ್ತೂ ಬಾಯಿ ಮುಚ್ಚದ ಮಾಮ ಒಂದು ಮಾತೂ ಆಡದೆ ನಮ್ಮ ಬಟ್ಟೆ ಹಗ್ಗದ ಕಡೆ ನೋಡ್ತಾ ನಿಂತಿದ್ದರು.

ಇಳಿದು ಹೋಗಿ ಒಂದು ತಂದೆ. ನೀಲಿಯದು. ಸಿಕ್ಕಿಸಿದೆ. ಎಂಜಿನ್ ಹೊಗೆ ಕಾರುತ್ತಾ, ಕೆಮ್ಮುತ್ತಾ, ನಿಲ್ಲದೆ ಓಡಿತು.

ಹಿತ್ತಲಿನಿಂದ ದನಿ ಬಂತು. "ಯಾರದು ನನ್ನ ಕ್ಲಿಪ್ ತೆಗೆದಿದ್ದು? ಸೀರೆ ನೆಲಕ್ಕೆ ಬಿತ್ತು!"

ನಾನು ಬಾಯಿ ತೆರೆದೆ. ಮಾಮ ಲೋಟವನ್ನ ಗೋಡೆ ಮೇಲಿಟ್ಟು, ಬೇಡ ಅಂತ ಕೈ ಆಡಿಸಿದರು.

"ಉತ್ತರ ಕೊಡಬೇಡ. ಆಕ್ಸಿಲರೇಟರ್ ಒತ್ತು."