ಅರಮನೆ ವೀಕ್ಷಣಾ ಮೀಮಾಂಸೆ: ಪುಣೆಯನ್ನು ಅನುಲಕ್ಷಿಸಿ

ಪೀಠಿಕೆಯಿಲ್ಲದೆ ವಿಷಯಕ್ಕೆ ಬರುವುದು ವಿದ್ವತ್ತಿಗೆ ಶೋಭೆಯಲ್ಲವಾದ್ದರಿಂದ ಮೊದಲು ಪೀಠಿಕೆ. ರಜೆಯಲ್ಲಿ ಅರಮನೆ ನೋಡುವ ಕ್ರಿಯೆಯು ಪ್ರಭುತ್ವ ಹಾಗೂ ಪ್ರಜೆಗಳ ನಡುವಣ ಚಾರಿತ್ರಿಕ ಅನುಸಂಧಾನದ ಒಂದು ಪಾತಳಿಯಾಗಿದ್ದು, ಅದರ ತಾತ್ವಿಕ ಆಯಾಮಗಳನ್ನು ನಮ್ಮ ಸಂಕಥನಗಳು ಈವರೆಗೆ ಮುಖಾಮುಖಿಯಾಗಿಲ್ಲ. ಸರಳವಾಗಿ ಹೇಳುವುದಾದರೆ (ಹಾಗೆ ಹೇಳುವ ರೂಢಿ ಈ ಶಾಸ್ತ್ರದಲ್ಲಿಲ್ಲ), ಹುಬ್ಬಳ್ಳಿಯಿಂದ ನೆಂಟರು ಬಂದಿಳಿದರೆ ಪುಣೆಯ ಕನ್ನಡ ಕುಟುಂಬ ಅವರನ್ನು ಶನಿವಾರವಾಡಕ್ಕೆ ಕರೆದೊಯ್ಯಲೇಬೇಕು.

ಈ ಶಾಸ್ತ್ರದ ಮೂಲಮಾನ ‘ದೃಷ್ಟಿಕ್ಷಣ’. ಒಂದು ವಸ್ತುವಿನ ಮೇಲೆ ಕಣ್ಣು ನಿಲ್ಲುವ ಸರಾಸರಿ ಅವಧಿಗೆ ಈ ಹೆಸರು. ರಷ್ಯಾದ ನದಿಗಳಲ್ಲಿ ಹಡಗಿನ ಪ್ರವಾಸ ಹೋದವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಳಿದು ಹರ್ಮಿಟೇಜ್ ನೋಡುತ್ತಾರೆ. ಅಲ್ಲಿನ ಸಂಗ್ರಹ 30 ಲಕ್ಷ ದಾಟಿದೆ. ಒಂದಕ್ಕೆ ಒಂದು ನಿಮಿಷದಂತೆ, ಊಟ ನಿದ್ದೆ ಬಿಟ್ಟು ನೋಡಿದರೂ ಐದೂವರೆ ವರ್ಷ ಮೀರುತ್ತದೆ. ಹಡಗು ಅಷ್ಟು ಕಾಯುವುದಿಲ್ಲ. ಪುಣೆಯ ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ 20,000ಕ್ಕೂ ಹೆಚ್ಚು ವಸ್ತುಗಳಿದ್ದು, ಪ್ರದರ್ಶನಕ್ಕಿಟ್ಟಿರುವುದು ಸುಮಾರು 2,500. ತುಳಶೀಬಾಗಿನಲ್ಲಿ ಬಳೆ, ಪಾತ್ರೆ ಕೊಳ್ಳುವುದು ಬಾಕಿಯಿರುವ ತಂಡವೊಂದು ಇಲ್ಲಿಗೆ ಮುಕ್ಕಾಲು ಗಂಟೆ ಕೊಟ್ಟಿತೆನ್ನೋಣ. ದೃಷ್ಟಿಕ್ಷಣ ಒಂದು ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಮೊಬೈಲು ಹೊರತೆಗೆಯುವ ಸಮಯವೂ ಅದರಲ್ಲೇ ಸೇರಿದೆ.

ಇನ್ನು ವೀಕ್ಷಕರ ವರ್ಗೀಕರಣ. ವೀಕ್ಷಕರು ಸಪ್ತವಿಧ.

ಪ್ರಥಮವರ್ಗ: ಮೈಸೂರುಮಾಪಕ. ಜಗತ್ತಿನ ಯಾವ ಅರಮನೆಯನ್ನೂ ಈತ ಮೈಸೂರಿನ ಲಕ್ಷದ ಹತ್ತಿರದ ದೀಪಗಳಿಂದ ಅಳೆಯುತ್ತಾನೆ. ಶನಿವಾರವಾಡದ ದಿಲ್ಲಿ ದರವಾಜಾ, ಆನೆ ನುಗ್ಗದಿರಲೆಂದು ಕದಕ್ಕೆ ಬಡಿದ ಮೊಳೆಗಳು, ಇಷ್ಟರವರೆಗೆ ಸುಮ್ಮನಿದ್ದು ಒಳಗೆ ಹೋದ ಮೇಲೆ ಬಾಯಿ ಬಿಡುತ್ತಾನೆ: “ಏನದನೋ ಇದರಾಗ? ಬರೇ ಪಾಯಾ ಅದ. ಅರಮನಿ ಎಲ್ಲಿ?”

ಶಾಸ್ತ್ರಕ್ಕೆ ಹೊಳೆಯದ ಪ್ರಶ್ನೆ ಇದು. ಪೇಶ್ವೆ ಒಂದನೆಯ ಬಾಜೀರಾಯ 1730ರ ಜನವರಿಯಲ್ಲಿ ಅಡಿಗಲ್ಲು ಹಾಕಿ 1732ರಲ್ಲಿ ಗೃಹಪ್ರವೇಶ ಮಾಡಿದ ವಾಡೆ 1828ರ ಬೆಂಕಿಯಲ್ಲಿ ಉರಿದುಹೋಯಿತು. ಉಳಿದದ್ದು ಕೋಟೆಗೋಡೆ, ಬಾಗಿಲುಗಳು, ಕಲ್ಲಿನ ಪಾಯ. ಮೈಸೂರಿನ ಮರದ ಅರಮನೆಯೂ 1897ರಲ್ಲಿ ಸುಟ್ಟಿತ್ತಲ್ಲ? ಸುಟ್ಟಿತ್ತು. ಆದರೆ ಅಲ್ಲಿ 1881ರಲ್ಲೇ ರಾಜ್ಯ ಮರಳಿ ಒಡೆಯರ ಕೈಸೇರಿತ್ತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ 1912ರ ಹೊತ್ತಿಗೆ ಹೊಸದನ್ನು ಕಟ್ಟಿಸಿ ಮುಗಿಸಿದರು. ಇಲ್ಲಿಯ ಎರಡನೆಯ ಬಾಜೀರಾಯ 1818ರಲ್ಲೇ ಇಂಗ್ಲಿಷರಿಗೆ ಶರಣಾಗಿ, ಪಿಂಚಣಿ ಪಡೆದು, ಗಂಗೆಯ ದಂಡೆಯ ಬಿಠೂರಿಗೆ ಹೋಗಿಬಿಟ್ಟಿದ್ದ. ಬೆಂಕಿ ಬಿದ್ದಾಗ ಮತ್ತೆ ಕಟ್ಟಿಸುವ ಪೇಶ್ವೆ ಊರಲ್ಲಿರಲಿಲ್ಲ. ಮೈಸೂರುಮಾಪಕನನ್ನು ಮೂರ್ಖನೆಂದು ಕರೆಯಬೇಕೆಂದಿದ್ದ ಪ್ರಬಂಧಕಾರರು ಈ ಅಂಶವನ್ನು ಅಡಿಟಿಪ್ಪಣಿಗೆ ತಳ್ಳಿದ್ದರು. ಅಲ್ಲಿ ಅದು ಹಿಡಿಸಲಿಲ್ಲ.

ದ್ವಿತೀಯವರ್ಗ: ಪ್ರೇತಾಕಾಂಕ್ಷಿ. ಹುಣ್ಣಿಮೆಯ ರಾತ್ರಿ ಶನಿವಾರವಾಡದಲ್ಲಿ “ಕಾಕಾ ಮಲಾ ವಾಚವಾ”, ಕಾಕಾ ನನ್ನನ್ನು ಉಳಿಸು, ಎಂಬ ಕೂಗು ಕೇಳುತ್ತದಂತೆ. ಇದರ ನಿರೂಪಣಾತ್ಮಕ ಶ್ರವ್ಯತೆಯ ಪರಿಪ್ರೇಕ್ಷ್ಯದಲ್ಲಿ...

ಸಾಕು. ಕೂಗಿದವನು ನಾರಾಯಣರಾವ್ ಪೇಶ್ವೆ, ವಯಸ್ಸು 18. 1773ರ ಆಗಸ್ಟ್ 30ರಂದು ಕಾವಲಿನ ಗಾರ್ದಿಗಳೇ ಅರಮನೆಯೊಳಗೆ ಅವನನ್ನು ಅಟ್ಟಿಸಿಕೊಂಡು ಹೋಗಿ ಕತ್ತರಿಸಿದರು. ಸಂಚಿನ ಹಿಂದೆ ಇದ್ದವನು ಅದೇ ಕಾಕಾ, ರಘುನಾಥರಾವ್. ಮುಂದೆ ಪೇಶ್ವೆಯಾದವನೂ ಅವನೇ. ಗದ್ದುಗೆಯಲ್ಲಿ ಕುಳಿತ ಆ ಮನುಷ್ಯನನ್ನೇ ಅಪರಾಧಿಯೆಂದು ಸಾರಿದ ನ್ಯಾಯಾಧೀಶನೊಬ್ಬ ಈ ಊರಲ್ಲಿದ್ದ, ರಾಮಶಾಸ್ತ್ರಿ ಪ್ರಭುಣೆ. ದೆವ್ವಕ್ಕೆ ಹತ್ತು ನಿಮಿಷ ಸಿಗುವ ಜಾಗದಲ್ಲಿ ರಾಮಶಾಸ್ತ್ರಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ಕೊಲೆಯಾದ ಹುಡುಗನ ಕೂಗನ್ನು ರೀಲಿಗೆ ಹಿನ್ನೆಲೆ ಸಂಗೀತ ಮಾಡಿಕೊಂಡು, ಹಲ್ಲು ಕಿರಿದು, ಭೇಲ್ ತಿನ್ನಲು ಹೋಗುವ ಜನಕ್ಕೆ ಏನೆನ್ನಬೇಕು? ಅದಕ್ಕೆ ಬೇಕಾದ ಪರಿಭಾಷೆ ಮೀಮಾಂಸೆಯಲ್ಲಿಲ್ಲ, ಬೀದಿಯಲ್ಲಿದೆ.

ಉಳಿದ ಐದು ವರ್ಗಗಳನ್ನು ವಿಸ್ತಾರಭಯದಿಂದ ಕೈಬಿಡಲಾಗಿದೆ.

ಪುಣೆಯ ಆಗಾ ಖಾನ್ ಅರಮನೆಗೆ ಮೈಸೂರುಮಾಪಕ ಕೂಡ ಮಣಿಯುತ್ತಾನೆ. ಇಟಲಿ ಮಾದರಿಯ ಕಮಾನುಗಳು, ಉದ್ದದ ಪಡಸಾಲೆ, ಹಸಿರು ಹುಲ್ಲು. ಮದುವೆಗೆ ಮುಂಚಿನ ಫೋಟೋಗೆ ಹೇಳಿ ಮಾಡಿಸಿದ ಜಾಗ ಎಂದು ಅವನ ಮಗಳು ಹೇಳುತ್ತಾಳೆ. ಬರದಿಂದ ಕಂಗೆಟ್ಟ ಸುತ್ತಲಿನ ಹಳ್ಳಿಗಳಿಗೆ ಕೂಲಿ ಸಿಗಲೆಂದು ಮೂರನೆಯ ಆಗಾ ಖಾನ್ 1892ರಲ್ಲಿ ಕಟ್ಟಿಸಿದ್ದೆನ್ನುತ್ತಾರೆ. ಅದೇ ವರ್ಷ ಹುಟ್ಟಿದ ಮಹಾದೇವ ದೇಸಾಯಿ, 1942ರ ಆಗಸ್ಟ್ 9ರಂದು ಗಾಂಧಿಯವರ ಜೊತೆ ಸೆರೆಯಾಗಿ ಇಲ್ಲಿಗೆ ಬಂದವರು, 15ರಂದು ಹೃದಯಾಘಾತದಿಂದ ತೀರಿಕೊಂಡರು. ಕಸ್ತೂರಬಾ 1944ರ ಫೆಬ್ರವರಿ 22ರಂದು ಹೋದರು. ಗಾಂಧಿಯವರು ಅದೇ ವರ್ಷದ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಹೊರಟಾಗ ಕಾರ್ಯದರ್ಶಿಯನ್ನೂ ಹೆಂಡತಿಯನ್ನೂ ಇದೇ ಆವರಣದ ಮಣ್ಣಿನಲ್ಲಿ ಬಿಟ್ಟು ನಡೆದರು. ಸಮಾಧಿಗಳು ಕಟ್ಟಡದ ಹಿಂದಿವೆ. ಹಿಂದೆ ಏನಿದೆ ಎಂದು ಯಾರೋ ಕೇಳುತ್ತಾರೆ. “ಏನಿಲ್ಲ, ಸಮಾಧಿ ಅಷ್ಟ” ಎಂಬ ಉತ್ತರ ಬರುತ್ತದೆ. ಆ ‘ಅಷ್ಟ’ಕ್ಕೆ ಬಿಸಿಲಲ್ಲಿ ಅಷ್ಟು ದೂರ ಯಾರು ನಡೆದಾರು?

ಕೇಳಕರ ಸಂಗ್ರಹಾಲಯದಲ್ಲಿ ಮಾತ್ರ ಈ ಶಾಸ್ತ್ರದ ಲೆಕ್ಕ ಪೂರ್ತಿ ಕೆಡುತ್ತದೆ. ಹೆಸರಿನಲ್ಲಿರುವ ಈ ‘ರಾಜಾ’ ಯಾವ ಸಂಸ್ಥಾನದ ರಾಜ ಎಂದು ವಿಚಾರಿಸುವವರಿದ್ದಾರೆ. ಯಾವ ಸಂಸ್ಥಾನದವನೂ ಅಲ್ಲ. ದಿನಕರ ಗಂಗಾಧರ ಕೇಳಕರರ ಎಳೆಯ ವಯಸ್ಸಿನಲ್ಲೇ ತೀರಿಹೋದ ಮಗ. ಕೇಳಕರರ ಮನೆಯದು ಕನ್ನಡಕದ ಅಂಗಡಿ; ಅಜ್ಞಾತವಾಸಿ ಎಂಬ ಹೆಸರಲ್ಲಿ ಕವಿತೆ ಬರೆಯುತ್ತಿದ್ದರು. ಸುಮಾರು 1920ರಿಂದ ದೀಪ, ಮಸಿಕುಡಿಕೆ, ಬೀಗ, ವಾದ್ಯ, ಕೆತ್ತನೆಯ ಬಾಗಿಲು ಎಂದು ಊರೂರು ಅಲೆದು ಕೂಡಿಸಿದ್ದನ್ನೆಲ್ಲ ಮಗನ ಹೆಸರಿಟ್ಟು 1975ರಲ್ಲಿ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಅರಮನೆಯ ಸಿಂಹಾಸನಗಳು ಹೇಗೂ ಉಳಿಯುತ್ತವೆ. ಅಡುಗೆಮನೆಯ ಈಳಿಗೆಯನ್ನು, ಅಂಗಾಲು ತಿಕ್ಕುವ ಹಿತ್ತಾಳೆಯ ವಜ್ರಿಯನ್ನು ಯಾರಾದರೂ ಹಠ ಹಿಡಿದು ಉಳಿಸಬೇಕು.

ಅಡಕೊತ್ತುಗಳ ಗಾಜಿನ ಪೆಟ್ಟಿಗೆಯ ಮುಂದೆ ಧಾರವಾಡದ ಅಜ್ಜಿಯೊಬ್ಬರು ನಿಂತುಬಿಟ್ಟರೆ ದೃಷ್ಟಿಕ್ಷಣದ ಸರಾಸರಿ ಏನಾಗುತ್ತದೆ ಎಂಬುದಕ್ಕೆ ಪ್ರಬಂಧಕಾರರ ಬಳಿ ಸೂತ್ರವಿಲ್ಲ. ಕುದುರೆಯಾಕಾರದ್ದು, ಗಿಳಿಯಾಕಾರದ್ದು, ಜೋಡಿ ಹೆಣ್ಣುಗಳದ್ದು ಎಲ್ಲ ಚೆಂದ, ಆದರೆ ಇವುಗಳಲ್ಲಿ ಅಡಿಕೆ ಸಣ್ಣಗೆ ಬರುವುದಿಲ್ಲ ಎಂದು ಅವರ ವಾದ. ಅಳಿಯ ಗಡಿಯಾರ ನೋಡಿದ. “ಅತ್ತಿ, ತುಳಶೀಬಾಗ ಮುಚ್ಚತದ ನೋಡ್ರಿ.” ಅವರು ಮೂಲೆಯ ಅಲಂಕಾರವಿಲ್ಲದ ಒಂದನ್ನು ಬೆರಳು ಮಾಡಿ ತೋರಿಸಿದರು. “ಇದು ದಿನಾ ದುಡಿದದ್ದು. ಹಿಡಿಕಿ ನೋಡು, ಹೆಂಗ ಸವದದ. ಉಳಿದವು ಬರೇ ಬೀಗರು ಬಂದಾಗ ತಾಟಿನಾಗ ಇಡೂವು.”