ನೋಟ್ಸ್ ಅಂಕಲ್

ಬೆಂಗಳೂರಿನ ಯಾವ ಕನ್ನಡ ಚರ್ಚಿಗಾದರೂ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಮೂರನೇ ಬೆಂಚಿನ ತುದಿಯಲ್ಲಿ, ಫ್ಯಾನಿನ ನೇರ ಕೆಳಗೆ, ನೋಟ್ಸ್ ಅಂಕಲ್ ಕೂತಿರುತ್ತಾರೆ. ಹೆಸರಿಟ್ಟವರು ಸಂಡೆ ಸ್ಕೂಲ್ ಮಕ್ಕಳು. ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿ ಬ್ಯಾಂಕಿನಿಂದ ಮಾತ್ರ, ಆಡಿಟ್‌ನಿಂದಲ್ಲ.

ಮೊದಲೆಲ್ಲ ಪ್ರಸಂಗವನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಅದಕ್ಕೆಂದೇ ಒಂದು ಆ್ಯಪ್ ಬಂದಿದೆ, ಅಮೆರಿಕದ ಮಗ ಹಾಕಿಕೊಟ್ಟದ್ದು. ಬಿಳಿ ಪರದೆ, ಮೇಲೆ ತಾರೀಖು, ಪ್ರಸಂಗಿಯ ಹೆಸರು, ವಾಕ್ಯಭಾಗ, ಇಷ್ಟೇ. "ಡಿಸ್ಟ್ರ್ಯಾಕ್ಷನ್ನೇ ಇಲ್ಲ ನೋಡಿ" ಎಂದು ಅದನ್ನು ಪಕ್ಕದವರಿಗೆ ತೋರಿಸುವುದು ಪ್ರಾರ್ಥನೆಯ ನಡುವೆ.

ಅಯ್ಯನವರು ಪ್ರಸಂಗಪೀಠ ಹತ್ತುತ್ತಿದ್ದಂತೆ ಅಂಕಲ್ 'ಡು ನಾಟ್ ಡಿಸ್ಟರ್ಬ್' ಒತ್ತುತ್ತಾರೆ. ಅದು ಅಲಾರಂ ತಡೆಯುವುದಿಲ್ಲವೆಂದು ಬಿ.ಪಿ. ಮಾತ್ರೆಯ ಹೊತ್ತಿಗೆ ಇಡೀ ಸಭೆಗೆ ಗೊತ್ತಾಯಿತು. ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ, ಏನೋ ತುರ್ತಿರಬೇಕೆಂದು ಆಂಡ್ರಾಯ್ಡ್ ಫೋನು ಕರುಣೆಯಿಂದ ರಿಂಗಾಗಿಬಿಡುತ್ತದೆ. ಹಾಸನದಲ್ಲಿರುವ ಅವರ ಭಾವಮೈದ ಈ ನಿಯಮ ಓದಿದವರಲ್ಲ. ಆದರೆ ಒಂದು ಸಲ ಮಾಡಿ ಸುಮ್ಮನಾಗುವ ಪೈಕಿಯೂ ಅಲ್ಲ.

ಹಾಗಾಗಿ ಈಗ ಪರದೆಯನ್ನೇ ಪಿನ್ ಮಾಡುತ್ತಾರೆ. ನೋಟ್ಸ್ ಬಿಟ್ಟು ಬೇರೆ ಯಾವ ಆ್ಯಪೂ ತೆರೆಯದು, ಸತ್ಯವೇದದ ಆ್ಯಪೂ ಸೇರಿ. ಅಯ್ಯನವರು "ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೆಯಿರಿ" ಅಂದರೆ ಅಂಕಲ್ ಪಕ್ಕದ ಅಜ್ಜಿಯ ದಪ್ಪಕ್ಷರದ ಪುಸ್ತಕಕ್ಕೆ ಕೈ ಚಾಚಬೇಕು. 1831ರಲ್ಲಿ ಬಳ್ಳಾರಿಯಲ್ಲಿ ಇಡೀ ಸತ್ಯವೇದವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಪುಣ್ಯಾತ್ಮರಿಗೆ ಇಂಥ ಓದುಗ ಹೊಳೆದಿರಲಾರ.

ಆ ಅಧ್ಯಾಯದಲ್ಲೇ ಬರುವುದು ಯೂತಿಖನ ಕಥೆ. ತ್ರೋವದಲ್ಲಿ ಪೌಲನು ಮಧ್ಯರಾತ್ರಿಯವರೆಗೂ ಪ್ರಸಂಗ ಎಳೆದಾಗ ಕಿಟಕಿಯಲ್ಲಿ ಕೂತಿದ್ದ ಈ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲ ಅವನನ್ನು ಬದುಕಿಸಿ, ಮೇಲೆ ಹೋಗಿ, ಬೆಳಗಾಗುವ ತನಕ ಮತ್ತೆ ಮಾತಾಡಿದ. ಪ್ರಸಂಗ ಕೇಳುತ್ತ ನಿದ್ದೆ ಮಾಡಬಾರದು ಎಂಬುದಕ್ಕೆ ಅಯ್ಯನವರು ಈ ಕಥೆ ಹೇಳುತ್ತಾರೆ. ಬೆಂಚಿನ ಮೇಲೆ ಕೂತ ನಮಗೆ ಅದರಲ್ಲಿ ಕಾಣುವ ತಪ್ಪಿತಸ್ಥ ಬೇರೆ. ಅಂಕಲ್ಲಿನ ನೋಟ್ಸು ಎರಡೂ ಪಕ್ಷಕ್ಕೆ ಸೇರದು: "ಶುರು 10.12. ಯೂತಿಖ, ಕಿಟಕಿ. ದೀಪಗಳು ಬಹಳ. ಜೋಕು ಒಂದು, ನಕ್ಕವರು ಕಡಿಮೆ. ಮುಗಿತಾಯ 10.51."

ಗೇಲಿ ಮಾಡಿದವರಿಗೆ ಅವರ ಉತ್ತರ ಸಿದ್ಧವಿದೆ. ಲಂಡನ್ನಿನ ಸ್ಪರ್ಜನ್ನರ ಪ್ರಸಂಗಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು 1855ರಿಂದ ವಾರವಾರವೂ ಅಚ್ಚು ಹಾಕಿದರು. ಸ್ಪರ್ಜನ್ ತೀರಿಕೊಂಡದ್ದು 1892ರಲ್ಲಿ, ಪ್ರಸಂಗಗಳು ಬರುವುದು ನಿಂತದ್ದು 1917ರಲ್ಲಿ. "ಬರೆದುಕೊಂಡೋರು ಇದ್ದಿದ್ದಕ್ಕೆ ತಾನೇ?" ಎನ್ನುತ್ತಾರೆ ಅಂಕಲ್.

ಹಾಗೆಂದು ಬರೆದದ್ದನ್ನು ಮನೆಯಲ್ಲಿ ಧ್ಯಾನಿಸುತ್ತಾರೆ ಅಂದುಕೊಳ್ಳಬೇಡಿ. ಆ ಆ್ಯಪಿನಲ್ಲಿ ಹುಡುಕುವ ಸೌಲಭ್ಯವಿದೆ, ಇರುವ ಭಯವೆಲ್ಲ ಅದರದ್ದೇ. ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ, ಒಳ್ಳೆಯ ಪ್ರಸಂಗ ಅವರ ಸಾಮಾನಿನ ಜೊತೆ ಊರಿಂದೂರಿಗೆ ಹೋಗುತ್ತದೆ. ತಪ್ಪೇನಿಲ್ಲ. ಒಂದೇ ಊರಿನಲ್ಲಿ ಎರಡು ಸಲ ಇಳಿಸಿದರೆ ಮಾತ್ರ ಕಷ್ಟ. ಆರಾಧನೆ ಮುಗಿದು ಬಾಗಿಲಲ್ಲಿ ಕೈ ಕುಲುಕುವಾಗ ಅಂಕಲ್ ಬಹಳ ವಿನಯದಿಂದ ಕೇಳುತ್ತಾರೆ: "ಅಯ್ಯನೋರೇ, ಕುರಿ ಕಳ್ಕೊಂಡ ರೈತನ ಕಥೆ ಹೋದ ವರ್ಷ ಸುಗ್ಗಿ ಹಬ್ಬದಲ್ಲೂ ಹೇಳಿದ್ರಿ ಅಲ್ವಾ? ಆಗ ಅವನು ಕೋಲಾರದವನಾಗಿದ್ದ. ಚಾಮರಾಜನಗರಕ್ಕೆ ಯಾವಾಗ ಹೋದ?"

ಅಂದಿನಿಂದ ಅಯ್ಯನವರ ಕಣ್ಣು ಪೀಠ ಹತ್ತಿದ ಕೂಡಲೇ ಮೂರನೇ ಬೆಂಚಿಗೆ ಹೋಗುತ್ತದೆ. ಹಳೆಯ ಕಥೆಗಳು ಒಂದೊಂದಾಗಿ ಉದುರಿದವು. ಹೊಸದು ಹುಡುಕುವುದು ಸುಲಭವಲ್ಲವಾದ್ದರಿಂದ ಪ್ರಸಂಗವೇ ಚಿಕ್ಕದಾಯಿತು. ಹೋದ ಭಾನುವಾರದ ನೋಟ್ಸಿನಲ್ಲಿ ಮುಗಿತಾಯ 10.34 ಎಂದಿದೆ. ಅಂಕಲ್ ಪಾಸ್ಟರೇಟ್ ಕಮಿಟಿ ಚುನಾವಣೆಗೆ ನಿಲ್ಲುತ್ತಾರಂತೆ. ನನ್ನ ಓಟು ಅವರಿಗೇ.